ಮಾತು ಬಿಟ್ಟವರು ಡಾಕ್ಟರೇಟ್ ಕೊಡಿಸಿದ್ದು

ಸಿಂಧನೂರು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕರಿಬಸಯ್ಯನ ಎಡಕ್ಕೆ ಮಾಳಿಂಗಪ್ಪ, ಬಲಕ್ಕೆ ಪಂಪಣ್ಣ ಬಂದು ಕೂತರು. ಗೊರೇಬಾಳದ ಇವರಿಬ್ಬರೂ ಕಾಲುವೆ ನೀರಿಗೆ ಜಗಳಾಡಿ ಮಾತು ಬಿಟ್ಟು ಒಂಬತ್ತು ವರ್ಷ.

"ಅಯ್ನಾರ, ದಿಲ್ಲಿಯೊಳಗ ಅವನ ಮಗ ಪಾಸಾದ್ನೇನು, ಕೇಳ್ರಿ," ಅಂದ ಪಂಪಣ್ಣ, ನಡುವೆ ಕೂತ ಕರಿಬಸಯ್ಯನಿಗೆ.

"ಡಾಕ್ಟರೇಟ್ ಸಿಕ್ಕೈತಿ, ಹೇಳ್ರಿ!" ಅಂದ ಮಾಳಿಂಗಪ್ಪ.

"ಏನ್ ಬರದಾನಂತ?"

"ಹಿಂದೂಸ್ತಾನ, ಪಾಕಿಸ್ತಾನ ಯುದ್ಧ ಮಾಡಿದ್ರೂ ಸಿಂಧೂ ನದಿ ನೀರು ಇಷ್ಟು ವರ್ಷ ಹೆಂಗ ಹಂಚ್ಕೊಂಡ್ವು ಅಂತ. 'ಮಾತಾಡದವ್ರು ಹೆಂಗ ಹಂಚ್ಕೊಂತಾರಪಾ?' ಅಂತ ಪ್ರೊಫೆಸರ್ ಮಂದಿ ತಡದು ಕೇಳಿದ್ರಂತ. ಅದಕ್ಕ ಹುಡುಗ ನಮ್ಮ ಕಾಲುವಿ ನೀರಿನ ಪಾಳಿ ಹೇಳ್ಯಾನ. ತೂಬಿನ ಮ್ಯಾಲ ಟವೆಲ್ ಇದ್ರ ಪಂಪಣ್ಣನ ನೀರು, ಇಲ್ಲಂದ್ರ ನನ್ನ ನೀರು. ಒಂದಿನ ತಪ್ಪಿಲ್ಲ. ಎಲ್ಲಾರೂ ಎದ್ದು ಚಪ್ಪಾಳಿ ಹೊಡದಾರ!"

"ನನ್ನ ಹೆಸರು ಐತೇನು?"

"ಮೊದಲನೇ ಪುಟದಾಗ!"

ಪಂಪಣ್ಣ ಮೀಸೆ ತೀಡಿಕೊಂಡ. "ಹಂಗಾದ್ರ ಇವತ್ತ ಮಾತಾಡಿಬಿಡ್ತೀನ್ರಿ."

"ಬ್ಯಾಡ ಅನ್ರಿ! ಪುಸ್ತಕ ಇನ್ನಾ ಛಾಪಾ ಆಗಿಲ್ಲ. ಈಗ ಮಾತಾಡಿದ್ರ ಹುಡುಗ ಬರದಿದ್ದು ಸುಳ್ಳಾಗ್ತೈತಿ."

"ಖರೇ ಐತಿ," ಅಂದ ಪಂಪಣ್ಣ.

ಮಸ್ಕಿ ಬಸ್ ಬಂತು. ಮಾಳಿಂಗಪ್ಪ ಎದೆಯುಬ್ಬಿಸಿ ಹತ್ತಿದ. ಪಂಪಣ್ಣ ಕರಿಬಸಯ್ಯನನ್ನು ಎಲುಬು ಮುರಿಯುವ ಹಾಗೆ ಅಪ್ಪಿಕೊಂಡು, "ಇದು ಅವನಿಗ್ರಿ," ಅಂದವನೇ ಹಿಂದಿನಿಂದ ತಾನೂ ಹತ್ತಿದ.