ಕೆಂಪಿ ತಿಂದ ಹುರುಳಿ

ಮಾನ್ಯ ಅಧ್ಯಕ್ಷರೇ, ಇಂದು ನಮ್ಮನ್ನು ಬಿಟ್ಟು ವರ್ಗವಾಗಿ ಹೊರಟಿರುವ ಪಶು ಇಲಾಖೆಯ ವೆಂಕಟರಮಣಪ್ಪನವರೇ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬೆಳಗಿನ ಹಾಲು ಕರೆದಿಟ್ಟು ಈ ಕೋಲಾರದವರೆಗೂ ಬಂದಿರುವ ಸಭಿಕರೇ,

ನಾನು ವಕ್ಕಲೇರಿಯ ಮುನಿರಾಮಪ್ಪ. ಭಾಷಣ ಮಾಡಿ ಅಭ್ಯಾಸವಿಲ್ಲ. ಸಂಜೆ ಹಾಲು ಕರೆಯುವ ಹೊತ್ತಿಗೆ ನಿಮ್ಮನ್ನು ಬಿಟ್ಟುಬಿಡುತ್ತೇನೆ, ಹೆದರಬೇಡಿ.

ಏಳು ವರ್ಷದ ಹಿಂದೆ, ಮೂವತ್ತೊಂಬತ್ತನೇ ಇಸವಿಯಲ್ಲಿ, ಇವರು ತಕ್ಕಡಿ, ಸೀಸೆಗಳ ಸಮೇತ ನಮ್ಮೂರಿಗೆ ಬಂದರು. ಹಾಲು ತೂಗುತ್ತೇನೆ ಎಂದರು. ಹಾಲನ್ನು ಯಾರಾದರೂ ತೂಗುತ್ತಾರೆಯೇ? ಕೆಚ್ಚಲಿಗೆ ದೃಷ್ಟಿಯಾಗುತ್ತದೆಂದು ನಮ್ಮ ಹೆಂಗಸರು ಹಸುವಿಗೆ ಸೆರಗು ಅಡ್ಡ ಹಿಡಿದರು. ಇವರು ನಗಲಿಲ್ಲ, ಸಿಟ್ಟಾಗಲಿಲ್ಲ. ದೃಷ್ಟಿ ತೆಗೆದು ಮುಗಿಸುವವರೆಗೂ ಕಾದು ನಿಂತು, ಆಮೇಲೆ ತೂಗಿದರು.

ಆರು ಮನೆಯ ಆರು ಹಸುಗಳನ್ನು ಆರಿಸಿದರು. ಮೂರಕ್ಕೆ ರಾಗಿಹುಲ್ಲಿನ ಜೊತೆ ದಿನಕ್ಕೊಂದು ಸೇರು ಕಡಲೆಕಾಯಿ ಹಿಂಡಿ. ಇನ್ನು ಮೂರಕ್ಕೆ ರಾಗಿಹುಲ್ಲು, ಬದುವಿನ ಹಸಿಹುಲ್ಲು, ಅಷ್ಟೇ. ಹಿಂಡಿಯಿಂದ ಹಾಲು ಎಷ್ಟು ಹೆಚ್ಚುತ್ತದೆ ಎಂದು ನೋಡಬೇಕಿತ್ತು. ನಮ್ಮ ಕೆಂಪಿ ಹಿಂಡಿಯಿಲ್ಲದ ಗುಂಪಿಗೆ ಬಿದ್ದಳು.

ಕೆಂಪಿ ಬರೀ ಹಸುವಲ್ಲ, ಸ್ವಾಮಿ. ನನ್ನ ಹೆಂಡತಿ ಶಾಮಲಮ್ಮ ಹೆತ್ತ ಒಂಬತ್ತನೇ ದಿನಕ್ಕೆ ತೀರಿಕೊಂಡಳು. ಕೂಸಿಗೆ ನಮ್ಮಮ್ಮ ಬೈರಮ್ಮ ಕೆಂಪಿಯ ಹಾಲಿನಲ್ಲೇ ಬಟ್ಟೆಯ ಬತ್ತಿ ಅದ್ದಿ ಕುಡಿಸಿ ಉಳಿಸಿದಳು. ಆ ಕೂಸಿಗೆ ಈಗ ಒಂಬತ್ತು ವರ್ಷ. ಇದನ್ನೆಲ್ಲ ಹೇಳಬೇಕೆಂದು ಬಂದವನಲ್ಲ. ಇರಲಿ.

ಒಂದು ತಿಂಗಳಾಯಿತು. ಹಿಂಡಿ ತಿಂದ ಹಸುಗಳು ಹಾಲು ಹೆಚ್ಚಿಸಿದವು. ಆದರೆ ಹಿಂಡಿಯಿಲ್ಲದ ಕೆಂಪಿಯೂ ಹೆಚ್ಚಿಸಿದಳು! ವೆಂಕಟರಮಣಪ್ಪನವರು ತಲೆ ಕೆರೆದುಕೊಂಡರು. ನಮ್ಮ ಬದುವಿನ ಹುಲ್ಲು ಕಿತ್ತರು, ಮಣ್ಣು ಅಗೆದರು, ಎಲ್ಲಾ ಪೊಟ್ಟಣ ಕಟ್ಟಿ ಬೆಂಗಳೂರಿಗೆ ಕಳಿಸಿದರು. ಈ ಹುಲ್ಲಿನಲ್ಲಿ ವಿಶೇಷ ಸತ್ವವಿದೆ ಎಂದು ಮೇಲಿನವರಿಗೆ ವರದಿಯನ್ನೂ ಬರೆದರು. ಹುತ್ತೂರಿನಿಂದ ಜನ ಬಂದು ನಮ್ಮ ಬದುವಿನ ಹುಲ್ಲಿನ ಬೇರು ಕೇಳಿದರು. ನಾನೂ ಮೀಸೆ ತಿರುವಿಕೊಂಡು ಕೊಟ್ಟೆ!

ಒಂದು ಬೆಳಿಗ್ಗೆ ಇವರು ಕೆಂಪಿಯ ಹಾಲು ತೂಗುತ್ತಿದ್ದಾಗ ಅಮ್ಮ ಬಂದು ಮುಂದೆ ನಿಂತಳು.

"ಅದು ಹುಲ್ಲಲ್ಲ ಸಾಮೀ, ಹುರುಳಿ. ಮೂರು ಮನೆ ಹಸು ಹಿಂಡಿ ತಿನ್ನೋವಾಗ ನನ್ ಕೆಂಪಿ ಬಾಯಿ ನೋಡ್ಕೊಂಡು ನಿಂತ್ಕೊಳ್ಳೋದು ನೋಡಕ್ಕಾಗ್ಲಿಲ್ಲ. ದಿನಾ ಬೆಳಿಗ್ಗೆ ನೆನೆಸಿದ ಹುರುಳಿ ಹಾಕ್ದೆ. ನನ್ ಮಗನಿಗೆ ಇದೇನೂ ಗೊತ್ತಿಲ್ಲ. ಬೈಯೋದಾದ್ರೆ ನನ್ನ ಬೈಯಿರಿ."

ಇವರು ತಕ್ಕಡಿ ಕೆಳಗಿಟ್ಟರು. ವರದಿ ಹೋಗಿಯಾಗಿತ್ತಲ್ಲ! ಹೊಲಕ್ಕೆ ಹೋದ ನೇಗಿಲೂ ನಿಂತಿತ್ತು ಅವತ್ತು, ಬೀದಿಯ ಜನರೆಲ್ಲಾ ನಮ್ಮ ಹಟ್ಟಿಯ ಮುಂದೆ ನೆರೆದಿದ್ದರು. ಆಮೇಲೆ ಕೇಳಿದರು, "ಎಷ್ಟು ಹಾಕ್ತಿದ್ರಿ ಅಮ್ಮ?"

"ದಿನಕ್ಕೆ ಎರಡು ಪಾವು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಯಾವತ್ತಿಂದ?"

"ನೀವು ತೂಗೋಕೆ ಶುರು ಮಾಡಿದ ಮೂರನೇ ದಿನದಿಂದ."

ಬರೆದುಕೊಂಡರು. ಸಭಿಕರೇ, ಬರೆದುಕೊಂಡರು! ನಂತರ ನಮ್ಮ ಜಗುಲಿಯ ಮೇಲೆಯೇ ಕೂತು ಮೇಲಿನವರಿಗೆ ಕಾಗದ ಬರೆದು ನಮಗೆ ಓದಿ ಹೇಳಿದರು. 'ಹುಲ್ಲಿನ ಬಗ್ಗೆ ನಾನು ಬರೆದದ್ದು ತಪ್ಪು. ಹಸುವಿಗೆ ಮೇವು ಹಾಕುವವರನ್ನು ವಿಚಾರಿಸದೆ ಬರೆದೆ. ಮೊದಲಿನಿಂದ ಶುರು ಮಾಡುತ್ತೇನೆ.' ಅಮ್ಮನ ಹೆಸರಿಲ್ಲ, ನಮ್ಮ ಮನೆಯ ಹೆಸರಿಲ್ಲ. ಆ ಕಾಗದದಿಂದಾಗಿ ಇವರಿಗೆ ಬರಬೇಕಿದ್ದ ಬಡ್ತಿ ಮೂರು ವರ್ಷ ತಪ್ಪಿತೆಂದು ನನಗೆ ಬಹಳ ತಡವಾಗಿ ತಿಳಿಯಿತು. ಇವರು ಹೇಳಿದವರಲ್ಲ.

ಮತ್ತೆ ತೂಗಿದರು, ಮತ್ತೆ ನಾಲ್ಕು ತಿಂಗಳು. ಹಿಂಡಿ ಹಾಕಿದರೆ ಹಾಲು ಎಷ್ಟು ಹೆಚ್ಚುತ್ತದೆ, ಹಿಂಡಿ ಸಿಗದ ಮನೆಯಲ್ಲಿ ಹುರುಳಿ ಎಷ್ಟು ಹಾಕಬೇಕು, ಎರಡನ್ನೂ ತೋರಿಸಿಕೊಟ್ಟರು. ಯುದ್ಧದ ಕಾಲದಲ್ಲಿ ಹಿಂಡಿ ಕಣ್ಣಿಗೆ ಬೀಳದಿದ್ದಾಗ ನಮ್ಮ ಹಸುಗಳು ಬತ್ತದೆ ಉಳಿದದ್ದು ಆ ಹುರುಳಿಯ ಲೆಕ್ಕದಿಂದಲೇ ಅಲ್ಲವೇ? ನಂಗಲಿಗೆ ಹೋಗಲಿ, ಶ್ರೀನಿವಾಸಪುರಕ್ಕೆ ಹೋಗಲಿ, ಇವರು ಯಜಮಾನನ ಜೊತೆ ಮಾತು ಮುಗಿಸುವ ಮೊದಲೇ "ಮೇವು ಹಾಕೋ ಅಮ್ಮನ್ನ ಕರೀರಿ" ಎನ್ನುತ್ತಿದ್ದರು.

ಇಷ್ಟಕ್ಕೇ ಮುಗಿಸಬಹುದಿತ್ತು. ಅಗೋ, ಹೆಂಗಸರ ಸಾಲಿನಲ್ಲಿ ಕೂತ ನಮ್ಮಮ್ಮ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಾಳೆ. ಇವತ್ತು ನಿನ್ನ ಮಾತು ಕೇಳಲ್ಲ ಕಣಮ್ಮ.

ವೆಂಕಟರಮಣಪ್ಪನವರೇ, ಅವತ್ತು ಅಮ್ಮ ನಿಮಗೆ ಒಂದು ಸುಳ್ಳು ಹೇಳಿದಳು. ಮಗನಿಗೆ ಏನೂ ಗೊತ್ತಿಲ್ಲ ಅಂದಳಲ್ಲ, ನನಗೆ ಗೊತ್ತಿತ್ತು. ಹುರುಳಿ ನೆನೆಸುವುದನ್ನು ಅವಳು ಶುರು ಮಾಡಿದ ದಿನವೇ ನಾನು ನೋಡಿದ್ದೆ. ಅವಳು ಹೇಳಿಬಿಡ್ತೀನಿ ಅಂದಾಗಲೆಲ್ಲ ಬಾಯಿ ಮುಚ್ಚಿಸಿದವನೂ ನಾನೇ. ಊರವರು ನಮ್ಮ ಹುಲ್ಲನ್ನು ಹೊಗಳುವುದು ನನಗೆ ಬೇಕಾಗಿತ್ತು. ನೀವು ಜಗುಲಿಯ ಮೇಲೆ ಕೂತು ನಿಮ್ಮ ತಪ್ಪು ಬರೆಯುವಾಗ ನಾನು ಪಕ್ಕದಲ್ಲಿ ನಿಂತು ಮಸಿಯ ದೌತಿ ಹಿಡಿದುಕೊಂಡಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ನಿಮಗೆ ಹೋದ ಮೂರು ವರ್ಷವನ್ನು ನಾನು ವಾಪಸು ಕೊಡಲಾರೆ. ಇದೊಂದನ್ನು ಬರೆದುಕೊಳ್ಳಿ, ಸ್ವಾಮಿ.

ಕೂತು ಕೇಳಿದ ನಿಮ್ಮೆಲ್ಲರ ತಾಳ್ಮೆಗೆ ನಾನು ಋಣಿ. ಹೊರಟವರಿಗೂ ಉಳಿದವರಿಗೂ ನಮಸ್ಕಾರ.