ಕೆಳಗಿನವರ ಬಡಿತ

ಆ ಬಾಗಿಲು ತೆರೆದೇ ಇರಲಿ, ಎಳೆಯಬೇಡಿ. ಗಾಳಿ ಬಂದರೆ ಬರಲಿ. ಯಾಕೆ ಅಂತ ಕಡೆಯಲ್ಲಿ ಗೊತ್ತಾಗುತ್ತೆ.

ಇದು ಅವರಿವರು ಹೇಳಿದ ಕತೆಯಲ್ಲ. ನಮ್ಮ ಚಿಕ್ಕಪ್ಪನಿಗೆ ಆದದ್ದು. ಯುದ್ಧ ಮುಗಿದು ಕೆಲವು ವರ್ಷ ಕಳೆದಿತ್ತು. ಚಿಕ್ಕಪ್ಪ ಯುದ್ಧವಿಮಾನ ಹಾರಿಸಿದವನು. ಮೀಸೆ ಸರಿಯಾಗಿ ಚಿಗುರುವ ಮೊದಲೇ ಆಕಾಶಕ್ಕೆ ಹೋಗಿ ಬಂದವನು. ಆಮೇಲೆ ಬಸ್ ಕಂಪನಿಯ ವರ್ಕ್‌ಶಾಪಿಗೆ ಸೇರಿ ಅಣ್ಣ ಅತ್ತಿಗೆಯ ಜೊತೆ ಇದ್ದ. ಅತ್ತಿಗೆ ಅಂದರೆ ನಮ್ಮಮ್ಮ. ನಮ್ಮಪ್ಪ ಕೆಮ್ಮಿಕೊಂಡು ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದದ್ದು ಚಿಕ್ಕಪ್ಪನ ಸಂಬಳದಲ್ಲಿ.

ಆ ರಾತ್ರಿ ಅವನು ಕಂಪನಿ ಆಫೀಸಿನಿಂದ ನಡೆದೇ ಬರುತ್ತಿದ್ದ. ಅಂಗಡಿಗಳೆಲ್ಲ ಮುಚ್ಚಿದ್ದವು. ಬೀದಿದೀಪ ಒಂದು ಉರಿದರೆ ಎರಡು ಇಲ್ಲ. ಭಯಗಿಯ ಏನೂ ಇರಲಿಲ್ಲ ಅವನಿಗೆ. ಕೋಪ ಇತ್ತು. ಅಂಗಾಲಿನಿಂದ ನೆತ್ತಿಯವರೆಗೆ ಕೋಪ.

ಮಾರನೇ ದಿನ ಮೈದಾನದಲ್ಲಿ ಒಂದು ಕಲ್ಲು ಅನಾವರಣ ಆಗುವುದಿತ್ತು. ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು. ಅದರ ಮೇಲಿನ ಬಟ್ಟೆ ಸರಿಸುವ ದೊಡ್ಡ ಮನುಷ್ಯ ಯಾರು? ಚಿಕ್ಕಪ್ಪ ಇದ್ದ ವಿಮಾನ ನೆಲೆಗೆ ಆಗ ಅಧಿಕಾರಿಯಾಗಿದ್ದವನು, ಈಗ ಅದೇ ಬಸ್ ಕಂಪನಿಯ ಯಜಮಾನ. ನೆಲೆಯಲ್ಲಿ ಎಲ್ಲರೂ ಅವನಿಗೆ ಇಟ್ಟಿದ್ದ ಹೆಸರು ಅವಸರಪ್ಪ. ಊಟಕ್ಕೂ ಬೇಗ, ಸಾವಿಗೂ ಬೇಗ ಅನ್ನುವ ಜಾತಿ.

ಆ ಸಂಜೆ ಅವಸರಪ್ಪ ಚಿಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದ: "ನಾಳೆ ನೀನೂ ನಾಲ್ಕು ಮಾತಾಡು. ಹಾರಿದವರ ವಿಷಯ ಆಡು. ನೆಲದ ಮೇಲೆ ಸತ್ತರಲ್ಲ, ಆ ಮೂವರ ಸುದ್ದಿ ಎತ್ತಬೇಡ. ಅವರದು ಅಜಾಗರೂಕತೆ, ವೀರಮರಣ ಅಲ್ಲ. ಕೆಲಸ ಬೇಕು ತಾನೇ ನಿನಗೆ?"

"ಬೇಕು ಸಾರ್" ಅಂದಿದ್ದ ಚಿಕ್ಕಪ್ಪ. ಆ ಎರಡು ಮಾತಿಗೆ ದಾರಿಯುದ್ದಕ್ಕೂ ತನ್ನ ನಾಲಿಗೆಗೇ ಶಾಪ ಹಾಕಿಕೊಂಡ.

ಆ ಮೂವರು ಅವನ ವಿಮಾನವನ್ನು ನೆಲದ ಮೇಲೆ ಸಜ್ಜು ಮಾಡುತ್ತಿದ್ದ ಆಳುಗಳು. ಮೇಸ್ತ್ರಿ ಎಂಜಿನ್ ನೋಡುತ್ತಿದ್ದ. ಮೊದಲು ಬೈಗುಳ, ಆಮೇಲೆ ಮಾತು. ಬಾಂಬು ಕಟ್ಟುವವನಿಗೆ ಮೌನಿ ಅಂತ ಹೆಸರು, ಯಾಕಂದರೆ ಅವನು ನಿದ್ದೆಯಲ್ಲೂ ಬಾಯಿ ಮುಚ್ಚುತ್ತಿರಲಿಲ್ಲ. ಚಕ್ರಕ್ಕೆ ಅಡ್ಡ ಕೊಟ್ಟ ಮರದ ದಿಮ್ಮಿಯನ್ನು ಹಗ್ಗ ಹಿಡಿದು ಎಳೆಯುವವನು ಕಡ್ಡಿ. ದಿಮ್ಮಿಯೇ ಅವನನ್ನು ಎಳೆಯುತ್ತೆ ಅಂತ ಉಳಿದವರು ನಗುತ್ತಿದ್ದರು. ಚಳಿಯಲ್ಲಿ ಚಿಕ್ಕಪ್ಪನ ಕೈಗವಸು ಎಂಜಿನ್ ಮೇಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದವರು ಇವರು. ಅವನು ತಿರುಗಿ ಬಂದು ಇಳಿಯುವವರೆಗೆ ತಟ್ಟೆ ಮುಟ್ಟದವರು ಇವರು. ಕಲ್ಲಿನ ಮೇಲೆ ಇಲ್ಲದವರೂ ಇವರೇ.

ಎಂಜಿನ್ ಶುರುವಾದರೆ ಕೂಗಿದ್ದು ಕೇಳುವುದಿಲ್ಲ. ಅದಕ್ಕೆ ಇವರು ಒಂದು ಕ್ರಮ ಮಾಡಿಕೊಂಡಿದ್ದರು. ಎಲ್ಲ ಸರಿಯಾದ ಮೇಲೆ ಮೇಸ್ತ್ರಿ ಕೆಳಗಿನಿಂದ ವಿಮಾನದ ಹೊಟ್ಟೆಗೆ ಸ್ಪ್ಯಾನರಿನಲ್ಲಿ ಬಡಿಯುತ್ತಿದ್ದ. ಟಣ್... ಟಣ್ ಟಣ್. ಒಳಗೆ ಕೂತ ಚಿಕ್ಕಪ್ಪ ಕಾಲಿನಿಂದ ತುಳಿಯಬೇಕು. ಧಡ್ ಧಡ್. ಆ ತುಳಿತ ಮೇಸ್ತ್ರಿಯ ಅಂಗೈಗೆ ತಾಗಿದ ಮೇಲೆ ಕಡ್ಡಿ ದಿಮ್ಮಿ ಎಳೆಯುವುದು, ಮೂವರೂ ಈಚೆ ಬರುವುದು. ಅಲ್ಲಿಯವರೆಗೆ ಒಬ್ಬರೂ ಅಡಿಯಿಂದ ಕದಲುತ್ತಿರಲಿಲ್ಲ. ಅದು ಸೈನ್ಯದ ಕಾನೂನಲ್ಲ, ಇವರದೇ ಕಾನೂನು.

ಅವರು ಸತ್ತದ್ದು ಹೀಗೆ. ಬಾಂಬು ಸಿಡಿಸುವ ಕೀಲನ್ನು ಕೊನೆಗೆ ಹಾಕಬೇಕು, ಬಾಂಬು ವಿಮಾನಕ್ಕೆ ಭದ್ರವಾಗಿ ಕೂತ ಮೇಲೆ. ಹೊತ್ತು ಉಳಿಯಲಿ ಅಂತ ಅವಸರಪ್ಪ ಮೊದಲೇ ಹಾಕಲು ಹೇಳಿದ. ಮೌನಿ ಆಗಲ್ಲ ಅಂದ. "ಹೇಡಿ ನನ್ಮಗನೇ, ಇದು ಆಜ್ಞೆ" ಅಂದ ಅವಸರಪ್ಪ. ಚಿಕ್ಕಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. "ಸಾರ್, ಅವನು ಹೇಳೋದು ಸರಿ" ಅಂದದ್ದಕ್ಕೆ "ನೀನು ಹೋಗಿ ಪ್ಯಾರಾಚೂಟ್ ಹಾಕ್ಕೋ" ಅಂತ ಅಟ್ಟಿದ. ಪ್ಯಾರಾಚೂಟಿನ ಪಟ್ಟಿ ಬಿಗಿಯುತ್ತಿದ್ದಾಗ ನೆಲ ಅದುರಿತು. ಆ ದಿನ ಬಡಿತವೂ ಇಲ್ಲ, ತುಳಿತವೂ ಇಲ್ಲ. ಹೂಳಲು ಏನೂ ಸಿಗಲಿಲ್ಲ. ಸಂಜೆಯೊಳಗೆ ಚಿಕ್ಕಪ್ಪನನ್ನು ಬೇರೆ ನೆಲೆಗೆ ಸಾಗಿಸಿದರು. ವಿಚಾರಣೆಯಲ್ಲಿ ಅವನನ್ನು ಯಾರೂ ಕೇಳಲಿಲ್ಲ. ತಪ್ಪು ಸತ್ತವರದೇ ಅಂತ ಬರೆಸಿದ ಅವಸರಪ್ಪ. ಕಟುಕ!

ಇದನ್ನೆಲ್ಲ ಮೆಲುಕು ಹಾಕುತ್ತಾ ಚಿಕ್ಕಪ್ಪ ಹಾಳುಬಾವಿಯ ಹತ್ತಿರ ಬಂದ. ಯಾರೂ ಬೀಳದಿರಲಿ ಅಂತ ಅದಕ್ಕೆ ದಪ್ಪ ತಗಡಿನ ಮುಚ್ಚಳ ಹಾಕಿದ್ದರು. ಬೀಡಿ ಹಚ್ಚಲು ನಿಂತ. ಬೆಂಕಿಕಡ್ಡಿ ಗೀರಿದ... ಚರ್ರ್.

ಟಣ್.

ಬೆಂಕಿಕಡ್ಡಿ ಬೆರಳು ಸುಟ್ಟಿತು.

ಟಣ್ ಟಣ್.

ಮುಚ್ಚಳದ ಕೆಳಗಿನಿಂದ... ಕಬ್ಬಿಣಕ್ಕೆ ಕಬ್ಬಿಣ. ಆ ಬಡಿತ ಗೊತ್ತಿದ್ದವರು ಭೂಮಿಯ ಮೇಲೆ ಉಳಿದಿದ್ದದ್ದು ಅವನೊಬ್ಬನೇ.

"ಹುಡುಗಾ..."

ಮೇಸ್ತ್ರಿಯ ದನಿ. ಗಂಟಲಲ್ಲಿ ಹೊಗೆ ತುಂಬಿದ ಹಾಗೆ.

ಚಿಕ್ಕಪ್ಪ ಮುಚ್ಚಳದ ಮೇಲೆ ಬಗ್ಗಿದ. "ಇನ್ನೂ... ಕೆಳಗೇ ಇದ್ದೀರಾ?"

"ನೀನು ತುಳಿದಿಲ್ಲವಲ್ಲ."

ಹೆದರಿ ಓಡಬೇಕಿತ್ತು. ಆದರೆ ಅವನಿಗೆ ಉಕ್ಕಿದ್ದು ಸಿಟ್ಟು. ಹಲ್ಲು ಕಚ್ಚಿ ಪಿಸುಗುಟ್ಟಿದ, "ನನ್ನ ಹಿಂದೆ ಯಾಕ್ರೋ ಬೀಳ್ತೀರಿ? ಕೊಂದವನು ಅವನು! ಅವನ ಮನೆಗೆ ಹೋಗಿ, ಅವನ ಮಂಚದ ಕೆಳಗೆ ಬಡೀರಿ!"

ಬಾವಿಯೊಳಗೆ ನೀರು ತೊಟ್ಟಿಕ್ಕಿತು. ತಟ್... ತಟ್...

"ಹೋಗಿದ್ವಿ." ಇದು ಮೌನಿ. ಅವನು ಇಷ್ಟು ಕಡಿಮೆ ಮಾತಾಡಿದ್ದನ್ನು ಚಿಕ್ಕಪ್ಪ ಕೇಳಿಯೇ ಇರಲಿಲ್ಲ. "ದಿನಾ ಹೋಗ್ತೀವಿ. ಇಲಿ ಅಂತಾನೆ... ಮಗ್ಗುಲಾಗಿ ಮಲಗ್ತಾನೆ."

"ಅವನಿಗೆ ನಮ್ಮ ಬಡಿತ ಎಲ್ಲಿ ಗೊತ್ತೋ?" ಅಂದ ಮೇಸ್ತ್ರಿ.

ಚಿಕ್ಕಪ್ಪನಿಗೆ ಅಳು ಬಂತು. ಅಲ್ಲೇ ಮುಚ್ಚಳ ತುಳಿಯಲು ಕಾಲೆತ್ತಿದ.

"ಇಲ್ಲಲ್ಲ..." ಮೂವರೂ ಒಟ್ಟಿಗೆ. "ತಪ್ಪು ನಮ್ಮದು ಅನ್ನೋ ಸುಳ್ಳು ಹೊತ್ಕೊಂಡು ಹೇಗೋ ಈಚೆ ಬರೋದು? ಮೊದಲು ನಾಳೆ ಎಲ್ಲರೆದುರು ನಿಜ ಹೇಳು. ಆಮೇಲೆ ತುಳಿ."

ಮನೆಗೆ ಬಂದಾಗ ಅಮ್ಮ ಎದ್ದೇ ಇದ್ದಳು. ಅವನ ಮುಖ ನೋಡಿ, "ಏನೋ, ದೆವ್ವ ಕಂಡವನ ಹಾಗೆ ಇದ್ದೀಯ?" ಅಂದಳು.

"ಕಾಣಲಿಲ್ಲ ಅತ್ತಿಗೆ. ಮಾತಾಡಿಸಿದೆ."

ಎಲ್ಲ ಹೇಳಿದ. ಅವಳು ನಗಲಿಲ್ಲ. ಒಳಗೆ ಅಪ್ಪ ಕೆಮ್ಮಿದರು. ಅವಳು ಆ ಕಡೆ ಒಮ್ಮೆ ನೋಡಿದಳು.

"ನಾಳೆ ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ ಅತ್ತಿಗೆ. ಅಣ್ಣನ ಔಷಧಿ..."

"ಬಿಡದಿದ್ರೆ?" ಅಂದಳು ಅಮ್ಮ. "ಆ ಸಂಬಳದ ತುತ್ತು ನಿನ್ನ ಗಂಟಲಲ್ಲಿ ಇಳಿಯುತ್ತಾ? ನನ್ನ ಗಂಟಲಲ್ಲಂತೂ ಇಳಿಯಲ್ಲ. ಹೇಳಿ ಬಾ. ನಾನೂ ಬರ್ತೀನಿ, ಅವನು ಅದೇನು ಮಾಡ್ತಾನೋ ನೋಡೇ ಬಿಡ್ತೀನಿ."

ಮೈದಾನದಲ್ಲಿ ಹಲಗೆ ಜೋಡಿಸಿದ ವೇದಿಕೆ. ಅವಸರಪ್ಪ ಬಟ್ಟೆ ಸರಿಸಿದ, ಚಪ್ಪಾಳೆ ಬಿತ್ತು. ಮೈಕಿನ ಮುಂದೆ ಎದೆಯುಬ್ಬಿಸಿ, "ನನ್ನ ನೆಲೆಯಲ್ಲಿ ಒಂದೇ ಒಂದು ಲೋಪ ಆಗಲಿಲ್ಲ, ಕೆಲವು ಕೆಲಸಗಾರರ ಅಜಾಗರೂಕತೆ ಬಿಟ್ಟರೆ" ಅಂದ. ಕೈ ತೋರಿಸಿ ಚಿಕ್ಕಪ್ಪನನ್ನು ಕರೆದ.

ಚಿಕ್ಕಪ್ಪ ಎದ್ದ. ಮೂವರ ಹೆಸರನ್ನೂ ಹೇಳಿದ, ಅಡ್ಡಹೆಸರಲ್ಲ, ತಾಯಿತಂದೆ ಇಟ್ಟದ್ದು. "ಕೀಲು ಮೊದಲೇ ಹಾಕು ಅಂದವನು ಇವನು. ಆಗಲ್ಲ ಅಂದವನನ್ನು ಹೇಡಿ ಅಂದವನು ಇವನು. ನಾನು ನಿಂತು ಕೇಳಿದ್ದೀನಿ. ಇವನು ಕೊಂದದ್ದು. ಕೊಂದು, ಸತ್ತವರ ತಲೆಗೇ ಕಟ್ಟಿದ್ದು!"

"ಮೈಕ್ ಆಫ್ ಮಾಡ್ರೋ!" ಅಂತ ಕಿರುಚಿದ ಅವಸರಪ್ಪ. ಮೈಕ್ ಗುಂಯ್ ಅಂದು ಸತ್ತಿತು. ಚಿಕ್ಕಪ್ಪ ಬರಿ ಗಂಟಲಿನಲ್ಲೇ ಇನ್ನೊಮ್ಮೆ ಹೇಳಿದ. ಜನ ಮುಂದಕ್ಕೆ ಬಾಗಿ ಕೇಳಿಸಿಕೊಂಡರು.

ಆಗ... ವೇದಿಕೆಯ ಅಡಿಯಿಂದ...

ಟಣ್... ಟಣ್ ಟಣ್.

ಅದು ಮರದ ಹಲಗೆ ಸ್ವಾಮಿ. ಅದರಲ್ಲಿ ತಗಡಿನ ಸದ್ದು. ಹಾಡಹಗಲು. ಮುಂದಿನ ಸಾಲಿನಲ್ಲಿದ್ದ ಅಮ್ಮನೂ ಕೇಳಿದಳು. ಅವಸರಪ್ಪನ ತುಟಿ ಬಿಳಿಚಿತು. "ಇಲಿ..." ಅಂದ. "ಇಲಿ ಇರಬೇಕು..."

ಚಿಕ್ಕಪ್ಪ ಬಲಗಾಲೆತ್ತಿ ತುಳಿದ. ಧಡ್ ಧಡ್.

ಸರ್ರ್ ಅಂತ ಏನನ್ನೋ ಎಳೆದ ಸದ್ದು. ಆಮೇಲೆ ಏನೂ ಇಲ್ಲ.

ಕೆಲಸ ಮಧ್ಯಾಹ್ನವೇ ಹೋಯಿತು. ಕಲ್ಲಿನ ಮೇಲೆ ಆ ಹೆಸರುಗಳು ಇವತ್ತಿಗೂ ಇಲ್ಲ. ಅದನ್ನು ನೆನೆದರೆ ನನಗೂ ಮೈ ಉರಿಯುತ್ತೆ. ಚಿಕ್ಕಪ್ಪ ಆಮೇಲೆ ಸಣ್ಣದೊಂದು ಸೈಕಲ್ ಅಂಗಡಿ ಇಟ್ಟ. ಬಾವಿಯ ಹತ್ತಿರ ಅವನಿಗೆ ಮತ್ತೆ ಏನೂ ಕೇಳಿಸಲಿಲ್ಲ. ಅವಸರಪ್ಪ ಮಾತ್ರ ಆ ವಾರವೇ ಮನೆಯ ಮಂಚಗಳನ್ನೆಲ್ಲ ಮಾರಿದ.

ನಂಬಿ, ಬಿಡಿ, ನಡೆದದ್ದು ಮಾತ್ರ ನಿಜ. ಅವತ್ತು ಎಲ್ಲರೂ ಹೋದ ಮೇಲೆ ಅಮ್ಮ ವೇದಿಕೆಯ ಅಡಿ ಬಗ್ಗಿ ನೋಡಿದಳು. ಧೂಳಿನಲ್ಲಿ ಎಳೆದ ಗುರುತು ಈಚೆಯವರೆಗೂ ಬಂದಿತ್ತು. ಅದರ ತುದಿಯಲ್ಲಿ ಹಗ್ಗ ಕಟ್ಟಿದ ಒಂದು ಮರದ ದಿಮ್ಮಿ, ಒಂದು ಮಗ್ಗುಲು ಸುಟ್ಟು ಕರಕಲಾಗಿತ್ತು. ಅವಳು ಅದನ್ನು ಸೊಂಟದ ಮೇಲೆ ಹೊತ್ತು ತಂದಳು. ಆ ಬಾಗಿಲಿಗೆ ಅಡ್ಡ ಇಟ್ಟಿದ್ದೀವಲ್ಲ, ಅದೇ. ಅಮ್ಮ ಸೋಪು ಹಾಕಿ ಎಷ್ಟು ಸಲ ತಿಕ್ಕಿದಳೋ. ಹೋಗಿ ಮುಟ್ಟಿ ನೋಡಿ... ಕೈಗೆ ಎಂಜಿನ್ ಎಣ್ಣೆ ಹತ್ತುತ್ತೆ.