ಪದಕ ಬಂದ ವರ್ಷ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಅಕ್ಕ, ತಮ್ಮ ಕೂತಿದ್ದರು. ಗೋಡೆಯ ಟಿವಿಯಲ್ಲಿ ಆ ವರ್ಷದ ಶಾಂತಿ ಪ್ರಶಸ್ತಿಯ ಸುದ್ದಿ ಬರುತ್ತಿತ್ತು.

"ನಮ್ಮ ಅಧ್ಯಕ್ಷರಿಗೂ ಒಮ್ಮೆ ಬಂದಿತ್ತಲ್ವೇನೋ? ನೀನಾಗ ಗಡಿಯಲ್ಲಿದ್ದೆ."

"ಹೂಂ ಅಕ್ಕ. ಬೆಳಗಾದ್ರೆ ನದಿ ದಾಟಿ ನುಗ್ಬೇಕಿತ್ತು. ಅಷ್ಟ್ರಲ್ಲಿ ರೇಡಿಯೋದಲ್ಲಿ ಅವರ ಪ್ರಶಸ್ತಿ ಸುದ್ದಿ ಬಂತು. ಹಿಂದೆಯೇ ನಮಗೆ ವಾಪಸ್ ಹೊರಡಿ ಅಂತ ಹುಕುಂ."

"ಮಾರನೇ ವರ್ಷ ಆ ಕಡೆಯವರು ಮತ್ತೆ ಕಾಲು ಕೆರೆದು ಜಗಳಕ್ಕೆ ಬಂದ್ರಲ್ಲ?"

"ಬಂದ್ರು. ನಮ್ಮ ಅಧ್ಯಕ್ಷರು ಮಾತುಕತೆಗೆ ಕರೆದ್ರು. ಕೊರಳಲ್ಲಿ ಶಾಂತಿ ಪದಕ ಹಾಕ್ಕೊಂಡು ಫಿರಂಗಿ ಹಾರಿಸೋಕಾಗುತ್ತಾ? ಜಗತ್ತೇ ನೋಡ್ತಿತ್ತು."

"ಹಾಗಾದ್ರೆ ಅವರಿಗೆ ಬೇಕಾಗಿದ್ದು ಶಾಂತಿನೋ, ಹೆಸರೋ?"

ತಮ್ಮ ನಕ್ಕರು.

"ವಾಪಸ್ ಬರೋ ಲಾರೀಲಿ ಅದನ್ನ ಯಾರೂ ಕೇಳ್ಲಿಲ್ಲಕ್ಕ. ದಾರಿಯುದ್ದಕ್ಕೂ ಹಾಡ್ತಿದ್ವಿ."

"ನೀನು ಮನೆಗೆ ಬಂದಾಗ ಗಡ್ಡ ನೋಡಿ ಯಾರೋ ಅಂತ ನಾನು ಬಾಗಿಲು ಹಾಕ್ಬಿಟ್ಟಿದ್ದೆ."

"ಅಮ್ಮ ಒಳಗಿಂದ್ಲೇ ನನ್ನ ಕೆಮ್ಮು ಗುರುತು ಹಿಡಿದ್ಲು."

"ಅವತ್ತು ಅವಳು ಅತ್ತಿದ್ದು ಇನ್ನೂ ಕಿವೀಲಿದೆ ಕಣೋ."

ನರ್ಸ್ ಬಂದು ಕರೆದರು. ಔಷಧಿ ಹಾಕಿದ್ದರಿಂದ ತಮ್ಮನಿಗೆ ಕಣ್ಣು ಮಂಜಾಗಿತ್ತು. ಅಕ್ಕ ರಟ್ಟೆ ಹಿಡಿದು ಎಬ್ಬಿಸಿದರು.

"ಅಧ್ಯಕ್ಷರಿಗೆ ಹೆಸರಿನ ಆಸೆ ಇದ್ರೆ ಇರ್ಲಿ ಬಿಡು. ನೀನು ಮನೆಗೆ ಬಂದ್ಯಲ್ಲ. ಕಾಲೆತ್ತಿಡು, ಹೊಸಿಲಿದೆ."

ಇಬ್ಬರೂ ಒಳಗೆ ಹೋದರು.